ಮೂರರಲ್ಲೊಂದು ಪಾಲು ಮತ, ಮೂರರಲ್ಲೆರಡು ಪಾಲು ಸ್ಥಾನ

ಬ್ರಿಟನ್ನಿನ ಚುನಾವಣೆಯ ಗೊಡವೆ ನಮಗೇತಕ್ಕೆ ಎಂದು ಕೇಳುವವರು ನಮ್ಮ ಓದುಗರಲ್ಲಿ ಇಲ್ಲದಿಲ್ಲ. ಆದರೆ ಈ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಇಂದು ನರ್ಸುಗಳಾಗಿ, ವಿದ್ಯಾರ್ಥಿಗಳಾಗಿ ಅಲ್ಲಿದ್ದಾರೆ. ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಬ್ರಿಟಿಷ್ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿದೆ. ಊರಿನ ಮತಗಟ್ಟೆಗೆ ವಿಮಾನವೇರಿ ಬಂದರೆ ಮಾತ್ರ ಮತ ಹಾಕಬಹುದಾದ ನಮ್ಮ ಹುಡುಗ, ಭಾರತದ ಪಾಸ್‌ಪೋರ್ಟನ್ನೇ ಗುರುತಿನ ದಾಖಲೆಯಾಗಿ ತೋರಿಸಿ ಅಲ್ಲಿ ಮತ ಹಾಕುತ್ತಾನೆ! ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ. ಯಾರಿಗೆ ಹೆಚ್ಚು ಮತವೋ ಅವನೇ ಗೆದ್ದನೆಂಬ ಪದ್ಧತಿ ನಮಗೆ ಬಂದದ್ದು ಅಲ್ಲಿಂದಲೇ. ಅಲ್ಪಸಂಖ್ಯಾತರಾದ ನಾವು ಅದರ ಗುಣದೋಷಗಳನ್ನು ಅರಿತಿರುವುದು ಒಳ್ಳೆಯದು.

2024ರ ಜುಲೈ 4ರ ಮಹಾಚುನಾವಣೆಯ ಲೆಕ್ಕವನ್ನೇ ನೋಡೋಣ. ಲೇಬರ್ ಪಕ್ಷಕ್ಕೆ ಬಿದ್ದದ್ದು ನೂರಕ್ಕೆ 33.7 ಮತ, ದೊರೆತದ್ದು 650ರಲ್ಲಿ 411 ಸ್ಥಾನ. 2017ರಲ್ಲಿ ಇದೇ ಪಕ್ಷ ನೂರಕ್ಕೆ 40 ಮತ ಪಡೆದು ಸೋತಿತ್ತು. ಮತಗಳ ಸಂಖ್ಯೆಯಲ್ಲಂತೂ 2024ರಲ್ಲಿ ಗೆದ್ದ ಲೇಬರ್, 2019ರಲ್ಲಿ ಹೀನಾಯವಾಗಿ ಸೋತ ಲೇಬರಿಗಿಂತ ಹಿಂದೆ. ಕನ್ಸರ್ವೇಟಿವ್ ಪಕ್ಷ 365ರಿಂದ 121ಕ್ಕೆ ಇಳಿಯಿತು. ನೈಜೆಲ್ ಫರಾಜರ ರಿಫಾರ್ಮ್ ಪಕ್ಷ ನೂರಕ್ಕೆ 14.3 ಮತ ಪಡೆದು ಐದೇ ಸ್ಥಾನಗಳಿಗೆ ತೃಪ್ತಿಪಟ್ಟಿತು. ಅದಕ್ಕಿಂತ ಕಡಿಮೆ, ಅಂದರೆ 12.2 ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ಸ್ಥಾನ! ಸರಾಸರಿ ತೆಗೆದರೆ ಒಬ್ಬ ಲೇಬರ್ ಸದಸ್ಯನ ಬೆಲೆ ಸುಮಾರು 24 ಸಾವಿರ ಮತ, ಒಬ್ಬ ರಿಫಾರ್ಮ್ ಸದಸ್ಯನ ಬೆಲೆ 8 ಲಕ್ಷಕ್ಕೂ ಮೇಲೆ. ಅಂಗಡಿಯ ತಕ್ಕಡಿ ಹೀಗೆ ತೂಗಿದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು.

ಹಾಗೆಂದು ಮತದಾರರಿಗೆ ಅಭಿಪ್ರಾಯವೇ ಇರಲಿಲ್ಲವೆಂದಲ್ಲ. 14 ವರ್ಷಗಳಲ್ಲಿ ಐವರು ಪ್ರಧಾನಿಗಳನ್ನು ಕಂಡು ಜನ ಬೇಸತ್ತಿದ್ದರು. ಸಾಂಕ್ರಾಮಿಕದ ಕಾಲದಲ್ಲಿ ಜನರನ್ನು ಮನೆಯೊಳಗಿರಿಸಿ ಪ್ರಧಾನಿಯ ಕಚೇರಿಯಲ್ಲೇ ಪಾನಗೋಷ್ಠಿ ನಡೆಸಿದ್ದನ್ನು ಅವರು ಮರೆತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರಕಾರ ತಂದ ಕಿರು ಮುಂಗಡಪತ್ರದಿಂದ ಮನೆಸಾಲದ ಬಡ್ಡಿ ಏರಿ ಮಧ್ಯಮವರ್ಗದ ಕಿಸೆಗೆ ಕತ್ತರಿ ಬಿತ್ತು. ಸರಕಾರಿ ಆಸ್ಪತ್ರೆಗಳ ಚಿಕಿತ್ಸೆಗೆ ಸರದಿ ಕಾಯುವವರ ಪಟ್ಟಿ ಇಂಗ್ಲೆಂಡೊಂದರಲ್ಲೇ 75 ಲಕ್ಷ ದಾಟಿತ್ತು. ವಲಸೆಯ ಬಗೆಗೆ ಸಿಟ್ಟಾದವರು ರಿಫಾರ್ಮಿನತ್ತ ಸರಿದರು, ಗಾಜಾದ ಯುದ್ಧದ ಬಗೆಗೆ ನೊಂದವರು ಲೇಬರನ್ನು ಬಿಟ್ಟು ಪಕ್ಷೇತರರ ಕಡೆ ನಡೆದರು. ಮತದಾನ ನೂರಕ್ಕೆ 60ನ್ನು ಮೀರಲಿಲ್ಲ. ಲೇಬರಿನ ಮೇಲೆ ಒಲವು ಹುಟ್ಟಿದ್ದಕ್ಕಿಂತ ಹಳಬರ ಮೇಲೆ ಹೇವರಿಕೆ ಹುಟ್ಟಿದ್ದೇ ಹೆಚ್ಚೆಂಬುದು ನಮ್ಮ ಎಣಿಕೆ.

ಪ್ರಧಾನಿ ರಿಷಿ ಸುನಾಕ್ ಮೇ 22ರಂದು ಜಡಿಮಳೆಯಲ್ಲಿ ಕೊಡೆಯೂ ಇಲ್ಲದೆ ನಿಂತು ಚುನಾವಣೆ ಘೋಷಿಸಿದರು. ಜೂನ್ 6ರಂದು ನಾರ್ಮಂಡಿಯ ಯುದ್ಧಸ್ಮಾರಕ ಸಮಾರಂಭದಿಂದ ಅರ್ಧಕ್ಕೇ ಎದ್ದು ಬಂದು ಮರುದಿನ ಕ್ಷಮೆ ಕೇಳಿದರು. ಅವರು ನಾರಾಯಣ ಮೂರ್ತಿಯವರ ಅಳಿಯನೆಂದು ನಮ್ಮವರಿಗೆ ಅಭಿಮಾನ. ಅಳಿಯತನ ನೋಡಿ ಮತ ಹಾಕುವವರು ಅಲ್ಲಿ ಯಾರೂ ಇರಲಿಲ್ಲವೆನ್ನಿ! ಆದರೂ ಆ ದೇಶದ ಒಂದು ರೂಢಿ ಮೆಚ್ಚತಕ್ಕದ್ದು. ಎಣಿಕೆ ಮುಗಿದಾಗ ಉಮೇದ್ವಾರರೆಲ್ಲ ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಂತು ಫಲಿತಾಂಶ ಕೇಳಬೇಕು. ಸುನಾಕರ ಕ್ಷೇತ್ರದಲ್ಲಿ ಕಸದ ಡಬ್ಬಿಯ ಆಕಾರದ ಶಿರಸ್ತ್ರಾಣ ತೊಟ್ಟ ವಿನೋದದ ಉಮೇದ್ವಾರನೊಬ್ಬ 308 ಮತ ಪಡೆದ. ದೇಶದ ಪ್ರಧಾನಿ ಆತನೊಡನೆ ಅದೇ ಸಾಲಿನಲ್ಲಿ ನಿಂತಿದ್ದರು.

ಕೇರಳೀಯರಿಗೆ ಸಂತೋಷ ತಂದ ಸುದ್ದಿ ಕೆಂಟ್ ಪ್ರಾಂತದ ಆಶ್‌ಫೋರ್ಡ್ ಕ್ಷೇತ್ರದ್ದು. ಕೋಟ್ಟಯಂ ಜಿಲ್ಲೆಯಿಂದ ಹೋಗಿ ಮಾನಸಿಕ ಆರೋಗ್ಯದ ನರ್ಸಾಗಿ ದುಡಿದ ಸೋಜನ್ ಜೋಸೆಫ್, ಹಿಂದೆ ಮಂತ್ರಿಯಾಗಿದ್ದ ಡೇಮಿಯನ್ ಗ್ರೀನರನ್ನು 1,779 ಮತಗಳಿಂದ ಸೋಲಿಸಿದರು. ಅವರ ಪರಿಶ್ರಮಕ್ಕೆ ನಮ್ಮ ಅಭಿನಂದನೆ ಸಲ್ಲುತ್ತದೆ. ಲೆಕ್ಕವನ್ನೂ ನೋಡಬೇಕಲ್ಲ! ಜೋಸೆಫರಿಗೆ 15,262, ಗ್ರೀನರಿಗೆ 13,483, ರಿಫಾರ್ಮಿನವನಿಗೆ 10 ಸಾವಿರಕ್ಕೂ ಮಿಕ್ಕಿ. ಬಲಪಂಥದ ಮತ ಎರಡು ಹೋಳಾದದ್ದರಿಂದ ದಾರಿ ಸುಗಮವಾಯಿತು. ಲೆಸ್ಟರ್ ಪೂರ್ವ ಕ್ಷೇತ್ರದಲ್ಲಿ ಇದರ ತಿರುವುಮುರುವು. ಹಿಂದೆ ಲೇಬರ್ ಸದಸ್ಯರಾಗಿದ್ದ ಇಬ್ಬರು ಅಧಿಕೃತ ಉಮೇದ್ವಾರನಿಗೆ ಎದುರಾಗಿ ನಿಂತರು. ಆ ಒಡಕಿನಲ್ಲಿ ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ ಗೆದ್ದರು. ಆ ಪಕ್ಷ ಲೇಬರಿನಿಂದ ಕಿತ್ತುಕೊಂಡ ಕ್ಷೇತ್ರ ಇದೊಂದೇ.

ನಮ್ಮ ಓದುಗರು ಗಮನಿಸಬೇಕಾದದ್ದು ವೇಲ್ಸ್. ಅಲ್ಲಿ ವೆಲ್ಷ್ ಭಾಷೆ ಬಲ್ಲವರು 2021ರ ಜನಗಣತಿಯಂತೆ ನೂರಕ್ಕೆ 18ರಷ್ಟೂ ಇಲ್ಲ. ಆ ಭಾಷೆಯ ಪರವಾಗಿ ನಿಂತ ಪ್ಲೈಡ್ ಕಮ್ರಿ ಪಕ್ಷಕ್ಕೆ ವೇಲ್ಸಿನಲ್ಲಿ ನೂರಕ್ಕೆ 15ರಷ್ಟು ಮತ ಬಿತ್ತು, 32ರಲ್ಲಿ ನಾಲ್ಕು ಸ್ಥಾನ ದೊರೆಯಿತು. ಅದಕ್ಕಿಂತ ಹೆಚ್ಚು ಮತ ಪಡೆದ ಕನ್ಸರ್ವೇಟಿವರಿಗೂ ರಿಫಾರ್ಮಿಗೂ ಅಲ್ಲಿ ಸೊನ್ನೆ. ವೆಲ್ಷ್ ಮಾತಾಡುವವರು ಪಶ್ಚಿಮದ ಕೆಲವೇ ಭಾಗಗಳಲ್ಲಿ ಒತ್ತಾಗಿ ನೆಲೆಸಿರುವುದೇ ಕಾರಣ. ಚೆದುರಿದ ದೊಡ್ಡ ಗುಂಪಿಗೆ ಸಿಗದ್ದು ಒಟ್ಟಾಗಿರುವ ಸಣ್ಣ ಗುಂಪಿಗೆ ಈ ಪದ್ಧತಿಯಲ್ಲಿ ಸಿಗುತ್ತದೆ. ಆದರೆ ಅದೇ ಪದ್ಧತಿ ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಬಲ್ಲದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷ 2015ರಲ್ಲಿ ಅಲ್ಲಿನ ಅರ್ಧದಷ್ಟು ಮತ ಪಡೆದು 59ರಲ್ಲಿ 56 ಗೆದ್ದಿತ್ತು. 2024ರಲ್ಲಿ ನೂರಕ್ಕೆ 30 ಮತ ಉಳಿಸಿಕೊಂಡೂ 57ರಲ್ಲಿ ಒಂಬತ್ತಕ್ಕೆ ಕುಸಿಯಿತು.

ಹಾಗಾದರೆ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯೇ ಮೇಲಲ್ಲವೇ ಎಂಬ ಚರ್ಚೆ ಅಲ್ಲಿ ಮತ್ತೆ ಎದ್ದಿತು. ಪೂರ್ತಿ ಪ್ರಮಾಣಬದ್ಧವಲ್ಲದ, ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಒಂದು ಸುಧಾರಣೆಯನ್ನು 2011ರಲ್ಲಿ ಜನಮತಗಣನೆಗಿಟ್ಟಾಗ ನೂರಕ್ಕೆ 68 ಮಂದಿ ಬೇಡವೆಂದಿದ್ದರು. ನಮ್ಮ ಸಂವಿಧಾನ ರಚನಾಸಭೆಯಲ್ಲೂ ಈ ವಾದ ನಡೆದು, ಜನರ ಅನಕ್ಷರತೆಯನ್ನೂ ಸರಕಾರದ ಸ್ಥಿರತೆಯನ್ನೂ ಮುಂದಿಟ್ಟು ಡಾ. ಅಂಬೇಡ್ಕರರು ಪ್ರಮಾಣಬದ್ಧ ಪದ್ಧತಿಯನ್ನು ಒಪ್ಪಲಿಲ್ಲ. ನ್ಯಾಯದ ಮಾತಾಡಿದರೆ ಪ್ರಮಾಣಬದ್ಧ ಪದ್ಧತಿಯೇ ಸರಿಯೆಂದು ನಮಗೂ ತೋರುತ್ತದೆ. ಆದರೆ ಇಡೀ ಕೇರಳವನ್ನು ಒಂದೇ ಕ್ಷೇತ್ರವೆಂದು ಎಣಿಸಿ 140 ಸ್ಥಾನ ಹಂಚಿದರೆ ಕನ್ನಡಿಗರ ಧ್ವನಿ ಎಲ್ಲಿ ಕೇಳಿಸೀತು? ಮಂಜೇಶ್ವರವೆಂಬ ಒಂದು ಕ್ಷೇತ್ರ ಇದ್ದುದರಿಂದಲೇ 1957ರಲ್ಲಿ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಿ ಬಂದರು. ಅಲ್ಲಿ ಗೆಲುವಿನ ಅಂತರ 2016ರಲ್ಲಿ 89 ಮತ, 2021ರಲ್ಲಿ 745. ಉಮೇದ್ವಾರರು ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸುವುದು ನಮ್ಮ ಮೇಲಿನ ಪ್ರೀತಿಯಿಂದೇನೂ ಅಲ್ಲ.

ಪದ್ಧತಿಗಿಂತಲೂ ಗಡಿರೇಖೆ ಮುಖ್ಯವೆಂದು ನಾವು ಹೇಳುವುದು ಇದಕ್ಕೇ. 2024ರ ಚುನಾವಣೆಗೆ ಮುನ್ನ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ವೇಲ್ಸಿನ ಸ್ಥಾನಗಳು 40ರಿಂದ 32ಕ್ಕೆ ಇಳಿದವು. ಆದರೆ ವೆಲ್ಷ್ ಭಾಷೆಯ ನೆಲೆಗಳಲ್ಲೊಂದಾದ ಆಂಗ್ಲೆಸಿ ದ್ವೀಪವನ್ನು ಒಡೆಯದೆ ಒಂದೇ ಕ್ಷೇತ್ರವಾಗಿ ಉಳಿಸಬೇಕೆಂದು ಕಾನೂನಿನಲ್ಲೇ ಬರೆಸಲಾಗಿತ್ತು. ಪ್ಲೈಡ್ ಗೆದ್ದ ನಾಲ್ಕರಲ್ಲಿ ಅದೂ ಒಂದು.

ನಮ್ಮಲ್ಲಿ ಎಣ್ಮಕಜೆ, ಪುತ್ತಿಗೆ, ಪೈವಳಿಕೆಗಳು ಮಂಜೇಶ್ವರ ಕ್ಷೇತ್ರದಲ್ಲಿವೆ. ಅವುಗಳ ಬೆನ್ನಿಗೇ ಇರುವ ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆಗಳು ಕಾಸರಗೋಡು ಕ್ಷೇತ್ರದ ಪಾಲಾಗಿವೆ. 2001ರ ಸಂವಿಧಾನ ತಿದ್ದುಪಡಿಯಂತೆ, 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಬಂದ ಬಳಿಕ ಕ್ಷೇತ್ರಗಳ ನಕಾಶೆಯನ್ನು ಮತ್ತೆ ಬಿಡಿಸಲು ಎಡೆಯಾಗುತ್ತದೆ. ಒಂದೆರಡು ಪಂಚಾಯತುಗಳು ಆಚೆ ಈಚೆ ಸರಿದರೂ 89 ಮತದ ಅಂತರವೆಂಬುದು ಹೇಳಹೆಸರಿಲ್ಲದೆ ಹೋದೀತು. ಕಳೆದ ಮರುವಿಂಗಡಣೆಯಲ್ಲಿ ಆಯೋಗವು ಕರಡನ್ನು ಪ್ರಕಟಿಸಿ, ಆಕ್ಷೇಪಣೆಗೆ ದಿನ ಗೊತ್ತುಮಾಡಿ, ಬಹಿರಂಗ ಸಭೆಗಳಲ್ಲಿ ಅಹವಾಲು ಕೇಳಿತ್ತು. ಮುಂದಿನ ಕರಡು ಬರುವ ಮುನ್ನವೇ ನಮ್ಮ ಸಂಘಸಂಸ್ಥೆಗಳು ಪಂಚಾಯತುವಾರು ಕನ್ನಡಿಗರ ಲೆಕ್ಕವನ್ನು ಬರೆದಿಟ್ಟುಕೊಳ್ಳಲಿ.