ಮಡಕೆಯ ಹೆಪ್ಪೂ ಬಿತ್ತನೆ ಬೀಜದಂತೆಯೇ ಆಸ್ತಿ

ಒಳ್ಳೆಯ ಭತ್ತದ ತೆನೆ ಕಂಡರೆ ರೈತನು ಅದನ್ನು ಬೇರೆಯಾಗಿ ಕೊಯ್ದು ಬೀಜಕ್ಕೆ ಇಡುತ್ತಾನೆ. ಒಳ್ಳೆಯ ಮೊಸರಿನ ಹೆಪ್ಪನ್ನು ಗೃಹಿಣಿಯು ನೆರೆಮನೆಯಿಂದ ಕೇಳಿ ತರುತ್ತಾಳೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೆಂಗು ಮತ್ತು ತಾಳೆ ಮರಗಳ ತುದಿಯಲ್ಲಿ ಕಟ್ಟಿದ ಮಡಕೆಯೊಳಗೆ ತಲೆಮಾರುಗಳಿಂದ ಬೆಳೆದುಬಂದಿರುವ ಹೆಪ್ಪನ್ನು ಯಾರೂ ಆಸ್ತಿಯೆಂದು ಎಣಿಸುವುದಿಲ್ಲ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಹೊಂಬಾಳೆಯಿಂದ ತೊಟ್ಟಿಕ್ಕುವ ರಸದಲ್ಲಿ ನೂರಕ್ಕೆ ಸುಮಾರು 15 ಪಾಲು ಸಕ್ಕರೆ ಇರುತ್ತದೆ, ಹುಳಿ ಇರುವುದಿಲ್ಲ. ಮೂರ್ತೆದಾರರು ಇದಕ್ಕೆ ಯಾವ ಪುಡಿಯನ್ನೂ ಹಾಕುವುದಿಲ್ಲ. ಹಿಂದಿನ ದಿನದ ಮಡಕೆಗೆ ಅಂಟಿಕೊಂಡ, ಗಾಳಿಯಲ್ಲಿ ಮತ್ತು ಹೊಂಬಾಳೆಯ ಮೇಲೆ ಇರುವ ಕಾಡು ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳೇ ಕೆಲಸ ಆರಂಭಿಸುತ್ತವೆ. ಹುಳಿ ಬ್ಯಾಕ್ಟೀರಿಯಾಗಳು ರಸವನ್ನು ಹುಳಿಯಾಗಿಸುತ್ತವೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಅನಿಲವಾಗಿ ಮಾರ್ಪಡಿಸುತ್ತದೆ. ಬಳಿಕ ಗಾಳಿ ತಾಗಿದರೆ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ವಿನೆಗರ್ ಮಾಡುತ್ತದೆ. ಮಡಕೆಗೆ ಸುಣ್ಣ ಬಳಿದರೆ ಈ ಜೀವಿಗಳು ತಡೆಯಲ್ಪಟ್ಟು ರಸ ಸಿಹಿಯಾಗಿಯೇ ಉಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ರೂಪಿಸಿದ ಕಲ್ಪರಸದ ವಿಧಾನದಲ್ಲಿ ಮಂಜುಗಡ್ಡೆಯ ತಂಪಿನಿಂದ ಇದೇ ಕೆಲಸ ಆಗುತ್ತದೆ.

ಯುರೋಪಿನ ಉದಾಹರಣೆಯೊಂದನ್ನು ನೋಡೋಣ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸೆನ್ ಎಂಬ ವಿಜ್ಞಾನಿ ಒಂದೇ ಯೀಸ್ಟ್ ಕಣದಿಂದ ಶುದ್ಧ ಹೆಪ್ಪನ್ನು ಬೆಳೆಸಿದನು. ಬಿಯರ್ ತಯಾರಿಕೆ ಕ್ರಮಬದ್ಧವಾಯಿತು; ಕಾಡು ಯೀಸ್ಟ್ ಕೇವಲ ಕೆಡುಕೆಂದು ಹೊರಗಾಯಿತು. ಬ್ರಸೆಲ್ಸ್ ಸುತ್ತಿನ ಕೆಲವರು ಮಾತ್ರ ಬೇಯಿಸಿದ ಧಾನ್ಯದ ರಸವನ್ನು ಚಳಿಗಾಲದ ರಾತ್ರಿ ತೆರೆದ ತೊಟ್ಟಿಯಲ್ಲಿ ಇಟ್ಟು, ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಮಾಗಿಸಿ ಹುಳಿ ಬಿಯರ್ ಮಾಡುವುದನ್ನು ಬಿಡಲಿಲ್ಲ. ಇಂದು ಅನೇಕ ದೇಶಗಳಲ್ಲಿ ಹವ್ಯಾಸಿಗಳು ಹಣ್ಣಿನ ಸಿಪ್ಪೆಯಿಂದ, ಹೂವಿನಿಂದ ಕಾಡು ಯೀಸ್ಟ್ ಹಿಡಿದು ಆ ರುಚಿಯನ್ನೇ ಮನೆಯಲ್ಲಿ ಹುಡುಕುತ್ತಿದ್ದಾರೆ. ಅವರು ಕಳೆದುಕೊಂಡು ಹುಡುಕುತ್ತಿರುವಂಥದು ನಮ್ಮಲ್ಲಿ ಇನ್ನೂ ಮರದ ಮೇಲೆಯೇ ಇದೆ. ಎಷ್ಟು ದಿನ ಇರುತ್ತದೆ ಎಂಬುದೇ ಪ್ರಶ್ನೆ. ಮರ ಏರುವವರು ಕಡಿಮೆಯಾಗುತ್ತಿದ್ದಾರೆ. ಮೂರ್ತೆ ನಿಂತ ಮನೆಯಲ್ಲಿ ಮಡಕೆಯೂ ಒಣಗುತ್ತದೆ. ಮೊಂತಿ ಹಬ್ಬಕ್ಕೆ ಶೇಂದಿ ಹಾಕಿ ಉಬ್ಬಿಸುತ್ತಿದ್ದ ಸಾನ್ನಗಳಿಗೆ ಎಷ್ಟೋ ಮನೆಗಳಲ್ಲಿ ಈಗ ಅಂಗಡಿಯ ಯೀಸ್ಟ್ ಬಂದಿದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಕಾಡು ಹೆಪ್ಪು ದಿನಕ್ಕೊಂದು ಬಗೆಯಾಗಬಹುದು. ಮಳೆಗಾಲದಲ್ಲಿ ಒಂದು, ಬೇಸಗೆಯಲ್ಲಿ ಇನ್ನೊಂದು. ಆದುದರಿಂದಲೇ ಪರೀಕ್ಷೆ ಬೇಕು. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಅಪರಾಧವೆಂಬುದನ್ನು ಮರೆಯಬಾರದು. ರೈತರು ಮಾಡಬೇಕಾದ ಪರೀಕ್ಷೆ ಹಿಟ್ಟಿನಲ್ಲಿ ಮತ್ತು ವಿನೆಗರಿನಲ್ಲಿ.

ಪರವಾನಗಿ ಇರುವ ಎರಡು ಅಂಗಡಿಗಳಿಂದ ಶುದ್ಧ ಶೇಂದಿ ತನ್ನಿ. ಒಂದೇ ಅಕ್ಕಿಯ ಹಿಟ್ಟನ್ನು ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಾಕಿ. ಎರಡಕ್ಕೆ ಒಂದೊಂದು ಬಗೆಯ ಶೇಂದಿಯನ್ನು ಸಮಪ್ರಮಾಣದಲ್ಲಿ ಬೆರೆಸಿ. ಮೂರನೆಯದಕ್ಕೆ ಅಷ್ಟೇ ನೀರು. ಹೊರಗೆ ಗೆರೆ ಎಳೆದು ಗಂಟೆಗೊಮ್ಮೆ ಎಷ್ಟು ಉಬ್ಬಿತು, ವಾಸನೆ ಹೇಗಿದೆ ಎಂದು ಬರೆದಿಡಿ. ಉತ್ತಮವಾದುದರಿಂದ ಒಂದು ಬಟ್ಟಲು ಹಿಟ್ಟನ್ನು ಮುಂದಿನ ಸಲಕ್ಕೆ ಹೆಪ್ಪಾಗಿ ಉಳಿಸಿ. ಹಲವು ಸಲ ದಾಟಿಸಿದ ಮೇಲೆ ಹೆಪ್ಪಿನ ಗುಣ ಬದಲಾಗುವುದುಂಟು. ಆಗ ಮೂಲಕ್ಕೆ ಮರಳಬೇಕು.

ವಿನೆಗರಿಗೆ ಅಗಲ ಬಾಯಿಯ ಗಾಜಿನ ಅಥವಾ ಪಿಂಗಾಣಿ ಜಾಡಿ ಬಳಸಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳನ್ನು ಹುಳಿ ತಿನ್ನುವುದರಿಂದ ಅವು ಬೇಡ. ನಾಲ್ಕು ಪಾಲು ಶೇಂದಿಗೆ ಕಾಯಿಸದ ಹಳೆಯ ವಿನೆಗರ್ ಒಂದು ಪಾಲು ಸೇರಿಸಿ, ತೆಳು ಬಟ್ಟೆ ಕಟ್ಟಿ, ನೆರಳಿನಲ್ಲಿ ಕೆಲವು ವಾರ ಇಡಿ. ಬಿಗಿ ಮುಚ್ಚಳ ಹಾಕಬೇಡಿ; ಗಾಳಿಯಿಲ್ಲದೆ ವಿನೆಗರ್ ಆಗದು, ಅನಿಲ ತುಂಬಿದ ಬಾಟಲಿ ಒಡೆಯಲೂಬಹುದು. ಕಪ್ಪು, ಹಸಿರು ಬೂಷ್ಟು ಬಂದರೆ ಅಥವಾ ಕೊಳೆತ ವಾಸನೆ ಬಂದರೆ ಪೂರ್ತಿ ಚೆಲ್ಲಿಬಿಡಿ. ಮಾರಾಟ ಮಾಡುವುದಾದರೆ ಆಹಾರ ಸುರಕ್ಷತಾ ನಿಯಮದಂತೆ ನೋಂದಣಿ ಬೇಕು. ಅಸಿಟಿಕ್ ಆಮ್ಲ ನೂರಕ್ಕೆ 3.75ಕ್ಕಿಂತ ಕಡಿಮೆ ಇರಬಾರದು.

ಆದರೆ ಎಲ್ಲ ಭಾರವನ್ನೂ ರೈತರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಭತ್ತದ ತಳಿಗಳನ್ನು ಸಂಗ್ರಹಿಸುವಂತೆ ಈ ಮೂರು ತಾಲೂಕುಗಳ ಮಡಕೆಗಳ ಹೆಪ್ಪನ್ನೂ ವಿಶ್ವವಿದ್ಯಾಲಯಗಳು ಸಂಗ್ರಹಿಸಿ, ಬೇರ್ಪಡಿಸಿ, ಶೀತಗೃಹದಲ್ಲಿ ಕಾಪಾಡಬೇಕು. ಯಾವ ಊರಿನ, ಯಾವ ಮರದ, ಯಾರ ಕೈಯ ಹೆಪ್ಪು ಎಂಬುದನ್ನು ದಾಖಲಿಸಬೇಕು; ಅದರಿಂದ ಲಾಭ ಬಂದಾಗ ಮೂರ್ತೆದಾರರ ಸಹಕಾರ ಸಂಘಗಳಿಗೂ ಪಾಲು ಸಲ್ಲಬೇಕು. ಮರ ಏರಬಲ್ಲವರು ಇರುವಾಗಲೇ ಈ ಕೆಲಸ ಆರಂಭವಾಗಲಿ.