ಕೋವಿಗೆ ಬೇಕಾದದ್ದು ಅಳತೆ, ಹಮ್ಮಲ್ಲ



ಈ ಸಲದ ವಿಷಯ ನಿಮಗೆ ವಿಚಿತ್ರವೆನಿಸಬಹುದು. ಜೀವಮಾನವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಈಗ ಸಂತೆಕಲ್ಲೂರಿನ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಮಾಸ್ತರನಿಗೆ ಕೋವಿಯ ಮದ್ದುಗುಂಡುಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕಳೆದ ತಿಂಗಳು ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ಹರಿದಾಡಿತು. ತರುಣನೊಬ್ಬ ಅಜ್ಜನ ಕಾಲದ ಕೇಪಿನ ಕೋವಿಯ ಬಾಯಿಗೆ ಅಂಗೈಯಿಂದಲೇ ಮದ್ದು ಸುರಿಯುತ್ತಾನೆ. ಅದರ ಮೇಲೆ ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಉದುರಿಸಿ, ಗಜದಿಂದ ಜಡಿದು, ಆಕಾಶಕ್ಕೆ ಹಾರಿಸುತ್ತಾನೆ. ಕೆಳಗೆ ಬರೆದದ್ದು: ‘ಇದು ನಮ್ಮ ಪರಂಪರೆ’. ನಮ್ಮವರೇ ನಾಲ್ಕಾರು ಮಂದಿ ಅದಕ್ಕೆ ಕೈಮುಗಿದಿದ್ದರು.

ನಾನು ಕೈಮುಗಿಯಲಾರೆ. ಅದು ಪರಂಪರೆಯಲ್ಲ, ಪರಂಪರೆಯ ಹೊದಿಕೆ ಹೊದ್ದ ಅಜ್ಞಾನ. ಕೋವಿಯ ಪರಂಪರೆಯ ತಿರುಳೇ ಅಳತೆ. ಅಳತೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಉಳಿಸಿಕೊಂಡವನು ಸೊಪ್ಪೆಯನ್ನು ಕಾಪಾಡಿ ಜೋಳವನ್ನು ಕಳೆದುಕೊಂಡಂತೆ.

ನನ್ನ ಸೇವೆಯ ಮೊದಲ ವರ್ಷಗಳು ಮಲೆನಾಡಿನಲ್ಲಿ ಕಳೆದವು. ನಾನು ಬಾಡಿಗೆಗಿದ್ದ ಮನೆಯ ಹಿರಿಯರ ಬಳಿ ತೋಟದ ಕಾವಲಿಗೆಂದು ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿಯಿತ್ತು. ಪಕ್ಕದಲ್ಲಿ ಕುದುರೆ, ಅದರ ಕೆಳಗೆ ಕೇಪು ಕೂರಿಸುವ ತೊಟ್ಟು, ಉದ್ದನೆಯ ನಳಿಗೆ. ಆ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಆದರೆ ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಕೊಂಬಿನಿಂದ ಮಾಡಿದ ಪುಟ್ಟ ಅಳತೆಯೊಂದಿತ್ತು. ಅದರ ತುಂಬ ಮದ್ದು, ಅಂಚಿಗೆ ಸರಿಯಾಗಿ ಬೆರಳಿನಿಂದ ಸವರಿ, ಆಮೇಲೆಯೇ ನಳಿಗೆಗೆ. ಗಜದ ಮೇಲೊಂದು ಗೀರು ಇತ್ತು. ಗುಂಡು ಮದ್ದಿನ ಮೇಲೆ ಪೂರ್ತಿ ಕುಳಿತರೆ ಆ ಗೀರು ನಳಿಗೆಯ ಬಾಯಿಗೆ ಸಮವಾಗಬೇಕು. ‘ಹಿರಿಯರು ಕೈಯಲ್ಲೇ ಸುರಿಯುತ್ತಿದ್ದರು’ ಎನ್ನುವವರು ಎಂಥ ಹಿರಿಯರನ್ನು ಕಂಡಿದ್ದಾರೋ ನಾನರಿಯೆ. ನಾನು ಕಂಡ ಹಿರಿಯರು ಅಳೆಯುತ್ತಿದ್ದರು.

ದೊರೆಗಳೂ ಅಳೆಯುತ್ತಿದ್ದರು. 1853 ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ತೋಟೆಯನ್ನೇ ನೋಡಿರಿ. ಸುಮಾರು 34 ಗ್ರಾಂ ತೂಕದ ಸೀಸದ ಗುಂಡು, ಅದಕ್ಕೆ ಸುಮಾರು ನಾಲ್ಕೂವರೆ ಗ್ರಾಂ ಮದ್ದು, ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿ ಸಿಪಾಯಿಯ ಕೈಗಿಡುತ್ತಿದ್ದರು. ಯುದ್ಧದ ಗದ್ದಲದಲ್ಲಿ ಅಂದಾಜಿಗೆ ಎಡೆ ಇರಬಾರದೆಂದೇ ಆ ವ್ಯವಸ್ಥೆ. ಆ ಕಾಗದಕ್ಕೆ ಸವರಿದ ಕೊಬ್ಬಿನ ಸುದ್ದಿಯೇ 1857 ರ ಕಿಡಿಯಾಯಿತು. ಅದೇ ವರ್ಷ ನಿಶ್ಶಸ್ತ್ರೀಕರಣದ ಆಜ್ಞೆಗೆ ಬಗ್ಗದ ಹಲಗಲಿಯ ಬೇಡರ ಲಾವಣಿಯನ್ನು ನಿಮ್ಮಲ್ಲಿ ಹಲವರು ಪಠ್ಯದಲ್ಲಿ ಓದಿದ್ದೀರಿ. ಆಯುಧದ ಮೇಲಣ ಅಭಿಮಾನವನ್ನು ನಾನು ಹಳಿಯುತ್ತಿಲ್ಲ. ಅಭಿಮಾನವಿದ್ದವನು ಆಯುಧವನ್ನು ಅರಿಯಬೇಕು ಎಂದಷ್ಟೇ ನನ್ನ ವಾದ.

ಎರಡನೆಯ ಮೂಢನಂಬಿಕೆ ಇನ್ನೂ ಘೋರವಾದದ್ದು: ‘ಹೊಸ ಮದ್ದು ಹೆಚ್ಚು ಜೋರು, ಆದ್ದರಿಂದ ಹೆಚ್ಚು ಒಳ್ಳೆಯದು’. ಹಳೆಯ ಕೋವಿಗಳು ಹುಟ್ಟಿದ್ದು ಕರಿಮದ್ದಿಗಾಗಿ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣಕ್ಕಾಗಿ. 1884 ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಸಿದ್ಧಪಡಿಸಿದ ಹೊಗೆರಹಿತ ಮದ್ದು ಬೇರೆಯದೇ ವಸ್ತು. ಅದರ ಮೂಲ ನೈಟ್ರೊಸೆಲ್ಯುಲೋಸ್. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಅದು ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಅದೇ ಅಳತೆಗೋಲಿನಿಂದ ಅದನ್ನು ಅಳೆದು ಹಾಕಿದರೆ ಹಳೆಯ ಮೆದುಕಬ್ಬಿಣದ ನಳಿಗೆ ತಾಳಲಾರದು. ಸಿಡಿಯುವುದು ಎದುರಿನ ಹಂದಿಯ ಬಳಿಯಲ್ಲ, ಹಾರಿಸುವವನ ಎಡಗೈ ಮತ್ತು ಕಣ್ಣಿನ ಬಳಿ. ಪಟಾಕಿಯ ಮದ್ದು, ಬೆಂಕಿಕಡ್ಡಿಯ ತಲೆಯ ಪುಡಿ, ಇವು ಅದಕ್ಕಿಂತಲೂ ಕೆಟ್ಟವು. ‘ಸ್ವಲ್ಪವೇ ಹಾಕಿದರಾಯಿತು’ ಎಂಬ ಉತ್ತರ ಬೇಡ. ಮದ್ದೇ ತಪ್ಪಾದಾಗ ಸ್ವಲ್ಪವೂ ತಪ್ಪೇ.

ಕರಿಮದ್ದಿನಲ್ಲಿಯೂ ಎಲ್ಲವೂ ಒಂದೇ ಅಲ್ಲ. ದಪ್ಪ ರವೆ, ಸಣ್ಣ ರವೆ ಇದ್ದಂತೆ ಅದರ ಕಾಳಿಗೂ ಗಾತ್ರವಿದೆ. ಕಾಳು ಮೇಲ್ಮೈಯಿಂದ ಒಳಕ್ಕೆ ಉರಿಯುವುದರಿಂದ ಸಣ್ಣ ಕಾಳು ಬೇಗ ಮುಗಿಯುತ್ತದೆ, ದಪ್ಪ ಕಾಳು ನಿಧಾನ. ಆದ್ದರಿಂದ ಅಗಲ ನಳಿಗೆಗೆ ದಪ್ಪ ಕಾಳು, ಕಿರಿದಾದ ನಳಿಗೆಗೆ ಸಣ್ಣ ಕಾಳು ಎಂಬುದು ರೂಢಿ. ಒಂಬತ್ತನೆಯ ತರಗತಿಯಲ್ಲಿ ಸುಣ್ಣದಕಲ್ಲಿನ ಹೆಂಟೆಗೂ ಪುಡಿಗೂ ಆಮ್ಲ ಹಾಕಿ ನಾನು ತೋರಿಸುತ್ತಿದ್ದ ಪ್ರಯೋಗ ನೆನಪಿದೆಯೇ? ಅದೇ ತತ್ತ್ವ.

ಇನ್ನು ಗುಂಡು. ‘ನಳಿಗೆಯಲ್ಲಿ ಹಿಡಿಸಿದ್ದೆಲ್ಲ ಗುಂಡೇ’ ಎನ್ನುವವರಿಗೆ ನನ್ನ ಉತ್ತರ: ಹಾಗಾದರೆ ಬಾಯಲ್ಲಿ ಹಿಡಿಸಿದ್ದೆಲ್ಲ ಅನ್ನವೇ? ಸೀಸವನ್ನು ಜನ ಸುಮ್ಮನೆ ಆರಿಸಿಕೊಳ್ಳಲಿಲ್ಲ. ಅದು ಭಾರವಾದದ್ದು, ಮೆದುವಾದದ್ದು, 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವಂಥದ್ದು. ನಳಿಗೆಯನ್ನು ಗೀರದೆ, ಅದರ ಒಡಲಿಗೆ ಹೊಂದಿಕೊಂಡು ಹೋಗುತ್ತದೆ. ಉಕ್ಕಿನ ಬೇರಿಂಗ್ ಹಾಗಲ್ಲ. ನಳಿಗೆಯನ್ನು ಕೆರೆಯುತ್ತದೆ, ಕಲ್ಲಿಗೆ ತಾಗಿದರೆ ಎತ್ತಲೋ ಚಿಮ್ಮುತ್ತದೆ. ಮೊಳೆಯ ಮಾತೇ ಬೇಡ. ಒಳಗೆ ಸುರುಳಿ ಗೀರುಗಳಿರುವ ರೈಫಲ್ಲಿಗೆ ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿದ ಉರುಟು ಸೀಸ, ಇಲ್ಲವೇ ಆ ಗೀರಿಗೆ ತಕ್ಕ ಉದ್ದ ಗುಂಡು; ಚರೆಯೇನಿದ್ದರೂ ನುಣುಪು ನಳಿಗೆಗೆ. ಯಾವುದೇ ಇರಲಿ, ಗುಂಡಿಗೂ ಮದ್ದಿಗೂ ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಆ ಹಿರಿಯರ ಗಜದ ಗೀರು ಇದ್ದದ್ದು ಇದಕ್ಕಾಗಿಯೇ.

ಅಳತೆಯೂ ಗುರಿಯೂ ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 1520 ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಆದಿಲ್‌ಶಾಹಿ ಕಡೆ ಭಾರಿ ತೋಪುಗಳಿದ್ದವು. ಆದರೂ ಬಯಲಿನಲ್ಲಿ ಗೆದ್ದದ್ದು ವಿಜಯನಗರ. ಬಳಿಕ ಕೋಟೆಯ ಮುತ್ತಿಗೆಯಲ್ಲಿ ಗೋಡೆಯ ಮೇಲಿನ ಕಾವಲುಗಾರರನ್ನು ಹಿಮ್ಮೆಟ್ಟಿಸಿದವರು ಕ್ರಿಸ್ತೋವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೊಡನೆ ಬಂದ ಬೆರಳೆಣಿಕೆಯ ಬಂದೂಕುಗಾರರು ಎಂದು ನೂನಿಜ್ ಬರೆದಿಟ್ಟಿದ್ದಾನೆ. ಸದ್ದು ದೊಡ್ಡದಿದ್ದವರು ಸೋತರು. ಗುರಿ ನೆಟ್ಟಗಿದ್ದವರು ಕೆಲಸಕ್ಕೆ ಬಂದರು.

‘ಮಾಸ್ತರರೇ, ನೀವು ರೈತರ ವಿರೋಧಿ, ಕೊಡವರ ವಿರೋಧಿ’ ಎಂದು ಯಾರಾದರೂ ಹೇಳಿಯಾರು. ಸುಳ್ಳು. ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂ ಏರಿಸಿ ಪೂಜಿಸುವವರನ್ನೂ, ಮನೆಯಲ್ಲಿ ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಸುತ್ತು ಹಾರಿಸುವ ಪದ್ಧತಿಯನ್ನೂ ನಾನು ಗೌರವಿಸುತ್ತೇನೆ. ಆ ಎಣಿಕೆಯಲ್ಲಿಯೂ ಅಳತೆಯಿದೆ, ಗಮನಿಸಿರಿ. ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ಅವರಿಗಿರುವ ವಿನಾಯಿತಿಯನ್ನು 2021 ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ನಂಬಿಕೆ ಇಟ್ಟು ಕೊಟ್ಟ ಆ ವಿನಾಯಿತಿಯನ್ನು ಕೆಡಿಸುವವರು ಟೀಕಾಕಾರರಲ್ಲ, ಇಂಥ ವಿಡಿಯೊ ಮಾಡುವವರು. ರೈತನ ಬೆಳೆನಷ್ಟದ ಸಂಕಟವನ್ನೂ ಬಲ್ಲೆ. ಆದರೆ ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. 1972 ರ ವನ್ಯಜೀವಿ ಕಾಯಿದೆ ಬೇರೆಯೇ ಇದೆ. ಮದ್ದನ್ನೂ ಕಳ್ಳದಾರಿಯಲ್ಲಿ ಕೊಳ್ಳುವಂತಿಲ್ಲ.

ಮಡಿಕೇರಿಯ ಕಡೆ ನೌಕರಿಯಲ್ಲಿರುವ ಶಿಷ್ಯನೊಬ್ಬ, ಮಾವನ ಮನೆಯ ಹಳೆಯ ಕೋವಿಗೆ ಯಾವ ಮದ್ದು ಹಾಕಬೇಕೆಂದು ಈಚೆಗೆ ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಬಲ್ಲ ಕುಶಲಕರ್ಮಿಯಿಂದ ನಳಿಗೆಯನ್ನು ಪರೀಕ್ಷಿಸಿಸು. ಅದು ಯೋಗ್ಯವೆಂದರೆ ಕರಿಮದ್ದು ಮಾತ್ರ, ಅದೂ ಅಳತೆಯಲ್ಲಿ. ಗುಂಡು ಸೀಸದ್ದು ಮಾತ್ರ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚು; ಕರಿಮದ್ದಿನ ಮಸಿ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಯೋಗ್ಯವಲ್ಲವೆಂದರೆ ಗೋಡೆಗೆ ತೂಗುಹಾಕಿ ಪೂಜಿಸು. ಅದರಿಂದ ಮನೆತನದ ಮಾನವೇನೂ ಕುಂದುವುದಿಲ್ಲ.

ಅತಿಯಾದರೆ ಅಮೃತವೂ ವಿಷ ಎಂದವರು ನಮ್ಮ ಹಿರಿಯರೇ. ಮದ್ದಂತೂ ಅಮೃತವಲ್ಲ. ಅಂಥ ವಿಡಿಯೊ ಮತ್ತೆ ಬಂದರೆ ದಯವಿಟ್ಟು ಕೈಮುಗಿಯಬೇಡಿರಿ, ‘ಅಳತೆ ಎಲ್ಲಿ?’ ಎಂದು ಕೇಳಿರಿ.