ಬೆವರಿನ ನೆಪ, ಹೆಲ್ಮೆಟ್ಟಿನ ಕೊಳೆ

ತಲೆಯ ಮೇಲೆ ಟೋಪಿ, ಬೈಕಿನ ಟ್ಯಾಂಕಿನ ಮೇಲೆ ಹೆಲ್ಮೆಟ್. ಜುಮಾಕ್ಕೆ ಹೀಗೆ ಹೊರಟ ನಮ್ಮ ಹುಡುಗರನ್ನು ಮದ್ದೂರು, ಮಳವಳ್ಳಿಯಲ್ಲಿ ನೀವೂ ನೋಡಿರುತ್ತೀರಿ. ಕೇಳಿದರೆ 'ಸೆಕೆ, ಬೆವರು, ತಲೆ ತುರಿಕೆ' ಎನ್ನುತ್ತಾರೆ.

ಸುಳ್ಳಲ್ಲ. ಏಪ್ರಿಲ್ ಬಿಸಿಲಿಗೆ ಒಳಗಿನ ಸ್ಪಂಜು ಬೆವರು ಕುಡಿದು ನಾರುತ್ತದೆ. ತಲೆಹೊಟ್ಟು, ತುರಿಕೆ ಹೆಚ್ಚುತ್ತವೆ. ಆದರೆ ಅದು ತೊಳೆಯದವರ ತಪ್ಪು. ವುಝೂ ಮಾಡಿ ಹೊರಟವರು ಆ ಕೊಳೆಯನ್ನು ತಲೆಗೇರಿಸುವುದೇಕೆ? ಬಿಚ್ಚಲು ಬರುವ ಒಳಪದರವನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೆಲ್ಮೆಟ್ಟಿನ ಕೆಳಗೆ ತೆಳುವಾದ ಹತ್ತಿಯ ಟೋಪಿಯಿರಲಿ, ದಿನವೂ ಬದಲಿಸಿ. ಮನೆಮಂದಿಗೆಲ್ಲ ಒಂದೇ ಹೆಲ್ಮೆಟ್ ಬೇಡ, ಹೇನು ಹರಡುತ್ತದೆ. ಮಳೆಯಲ್ಲಿ ನೆನೆದದ್ದನ್ನು ಹಾಗೇ ಮೊಳೆಗೆ ನೇತುಹಾಕಬೇಡಿ.

ಚಳಿಗಾಲಕ್ಕೆ ಸೆಕೆಯ ನೆಪವೂ ಇಲ್ಲ. ಫಜ್ರ್ ಹೊತ್ತಿಗೆ ಮಂಜು, ಮುಂದೆ ಹಿಂಬದಿ ದೀಪವಿಲ್ಲದ ಕಬ್ಬಿನ ಗಾಡಿ, ಹಳ್ಳಿ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ರಾಗಿ, ಹುರುಳಿ. ಮಂಡ್ಯ ಕಡೆಗೆ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇ 2023ರ ಆಗಸ್ಟ್ 1ರಿಂದ ಮುಚ್ಚಿದೆ. ಬೈಕು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಜಾರಿ ಬಿದ್ದರೆ ಟೋಪಿ ತಲೆ ಕಾಯುವುದಿಲ್ಲ.

ಅಂದಹಾಗೆ, ಹಿಂದೆ ಕೂರುವ ಅಮ್ಮನ ಹೆಲ್ಮೆಟ್ ಎಲ್ಲಿ?